ಬೇಸಗೆಯ ರಜೆ ಮತ್ತು ಕನ್ನಡದ ಓದು: ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಿರಿಯ ಪ್ರಾಥಮಿಕ ಶಾಲೆಗಳನ್ನು ಕುರಿತು

ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೇಸಗೆಯ ರಜೆಯಲ್ಲಿ ಓದುವ ಕೆಲಸವನ್ನು ಕೊಡಬೇಕೆ, ಕೊಡುವುದಾದರೆ ಅದು ಯಾವ ಬಗೆಯದಿರಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಕಾಲೇಜಿನ ಅಧ್ಯಾಪಕರಿಗೆ ಸಂಬಂಧಪಟ್ಟುದಲ್ಲವೆಂದು ತೋರಬಹುದು. ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಇದಕ್ಕೆ ಎಡೆಯೇಕೆ ಎಂದು ಕೇಳುವವರೂ ಇದ್ದಾರು. ಪದವಿ ತರಗತಿಯ ವಿದ್ಯಾರ್ಥಿಗೆ ವಿಜಯನಗರದ ಆಡಳಿತವನ್ನು ಕುರಿತ ಇಪ್ಪತ್ತು ಪುಟಗಳ ಒಂದು ಅಧ್ಯಾಯವನ್ನು ಓದಿಕೊಂಡು ಬರಲು ಹೇಳಿದರೆ ಆತ ಅಧ್ಯಾಯವನ್ನು ಬಿಟ್ಟು ಅದರ ಟಿಪ್ಪಣಿ ಎಲ್ಲಿ ದೊರೆತೀತೆಂದು ಹುಡುಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆತನಲ್ಲಿ ಬುದ್ಧಿಯ ಕೊರತೆಯಿಲ್ಲ. ಇಪ್ಪತ್ತು ಪುಟಗಳನ್ನು ಒಂದೇ ಸಮನೆ ಓದುವ ರೂಢಿ ಮಾತ್ರ ಬಂದಿಲ್ಲ. ಆ ರೂಢಿ ಬರತಕ್ಕ ಕಾಲ ಹನ್ನೊಂದರಿಂದ ಹದಿನಾಲ್ಕರ ವಯಸ್ಸು. ಅಂದರೆ ಆರು, ಏಳು, ಎಂಟನೆಯ ತರಗತಿಗಳ ಕಾಲ. ಆದುದರಿಂದ ನಮ್ಮ ಕಾಲೇಜಿನ ಪಾಠದ ಗತಿಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಊರ ಶಾಲೆಯ ಪುಸ್ತಕದ ಕಪಾಟು ಎಂದರೆ ತಪ್ಪಾಗದು.

ನೇತ್ರಾವತಿ, ಫಲ್ಗುಣಿ ನದಿಗಳ ಸುತ್ತಣ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ಪ್ರದೇಶಗಳನ್ನು ಇಲ್ಲಿ ಪರಿಶೀಲನೆಗೆ ಆರಿಸಿಕೊಳ್ಳಲು ಕಾರಣವುಂಟು. ರಜೆಯ ಓದಿನ ಪ್ರಶ್ನೆ ಇಲ್ಲಿ ಬೇರೆಡೆಗಿಂತ ಬೇರೆಯಾದುದು. ಮೈಸೂರಿನ ಅಥವಾ ಧಾರವಾಡದ ಹುಡುಗ ಶಾಲೆ ಮುಚ್ಚಿದರೂ ಕನ್ನಡದಲ್ಲಿಯೇ ಇರುತ್ತಾನೆ. ಮನೆಯ ಮಾತು, ಬೀದಿಯ ಜಗಳ, ಅಜ್ಜಿಯ ಕತೆ ಎಲ್ಲವೂ ಅವನಿಗೆ ಕನ್ನಡ. ಬೆಳ್ತಂಗಡಿಯ ಹಳ್ಳಿಯ ಹುಡುಗನ ಸ್ಥಿತಿ ಹಾಗಿಲ್ಲ. 2011ರ ಜನಗಣತಿಯಂತೆ ದಕ್ಷಿಣ ಕನ್ನಡ ಜಿಲ್ಲೆಯ ಸುಮಾರು ಅರ್ಧದಷ್ಟು ಜನರ ಮನೆಮಾತು ತುಳು. ಕನ್ನಡವನ್ನು ಮನೆಮಾತೆಂದು ಬರೆಯಿಸಿದವರು ಹತ್ತರಲ್ಲಿ ಒಬ್ಬರಷ್ಟು ಮಾತ್ರ. ಉಳಿದವರಲ್ಲಿ ಬ್ಯಾರಿ, ಕೊಂಕಣಿ, ಮಲಯಾಳ, ಚಿತ್ಪಾವನಿ ಮೊದಲಾದ ಮಾತುಗಳನ್ನಾಡುವವರಿದ್ದಾರೆ. ಇವರೆಲ್ಲರ ಮಕ್ಕಳಿಗೆ ಕನ್ನಡವು ಪುಸ್ತಕದ ಭಾಷೆ. ಮೇಷ್ಟರ ಬಾಯಿಂದ, ಪಾಠದ ಪುಟದಿಂದ ಬರುವ ಭಾಷೆ. ಶಾಲೆಗೆ ಬೀಗ ಬಿದ್ದ ದಿನ ಈ ಭಾಷೆಗೂ ಬೀಗ ಬೀಳುತ್ತದೆ.

ರಾಜ್ಯದ ಶಾಲೆಗಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯವರೆಗೆ, ಸುಮಾರು ಏಳು ವಾರಗಳ ರಜೆ. ಪರೀಕ್ಷೆಯ ಗಡಿಬಿಡಿಯಲ್ಲಿ ಮಾರ್ಚಿಯಲ್ಲಿಯೇ ಓದು ನಿಂತಿರುತ್ತದೆ; ಜೂನ್ ತಿಂಗಳಲ್ಲಿ ಪುಸ್ತಕ, ಸಮವಸ್ತ್ರಗಳ ವಿತರಣೆ ಮುಗಿಯುವವರೆಗೆ ಅದು ಮತ್ತೆ ತೊಡಗುವುದಿಲ್ಲ. ಹೀಗೆ ವರ್ಷದ ಕಾಲುಭಾಗ ಈ ಮಕ್ಕಳಿಗೆ ಕನ್ನಡದ ಓದಿಲ್ಲದೆ ಕಳೆಯುತ್ತದೆ. ಜೂನ್ ತಿಂಗಳಲ್ಲಿ ಏಳನೆಯ ತರಗತಿಗೆ ಬಂದ ಹುಡುಗಿ ಹಿಂದಿನ ಮಾರ್ಚಿಯಲ್ಲಿ ಸಲೀಸಾಗಿ ಓದುತ್ತಿದ್ದ ಒತ್ತಕ್ಷರಗಳಲ್ಲಿ ತಡವರಿಸುವುದನ್ನು ಆ ಶಾಲೆಗಳ ಅಧ್ಯಾಪಕರು ಬಲ್ಲರು. ಅವರು ಇದನ್ನು 'ರಜೆಯ ತುಕ್ಕು' ಎಂದು ಕರೆದರೆ ಅದರಲ್ಲಿ ಅತಿಶಯೋಕ್ತಿಯಿಲ್ಲ.

ಈ ತುಕ್ಕನ್ನು ಕುರಿತು ಅಮೆರಿಕದಲ್ಲಿ ಸಾಕಷ್ಟು ಅಧ್ಯಯನ ನಡೆದಿದೆ. ಅವುಗಳಲ್ಲಿ ನಮಗೆ ಹೆಚ್ಚು ಉಪಯುಕ್ತವಾದುದು ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಟ್ಲಾಂಟಾ ನಗರದ ಆರು ಮತ್ತು ಏಳನೆಯ ತರಗತಿಗಳ ಮಕ್ಕಳನ್ನು ಕುರಿತು ನಡೆಸಿ 1978ರಲ್ಲಿ ಪ್ರಕಟಿಸಿದ ಗ್ರಂಥ. ಬೇಸಗೆಯಲ್ಲಿ ಮಗು ಓದಿದ ಪುಸ್ತಕಗಳ ಸಂಖ್ಯೆಗೂ ಆ ಮಗುವಿನ ಕಲಿಕೆಯ ಏರಿಕೆಗೂ ನಿಕಟ ಸಂಬಂಧವಿದೆಯೆಂದು ಆಕೆ ತೋರಿಸಿದರು. ರಜೆಯಲ್ಲಿ ಆರು ಪುಸ್ತಕಗಳನ್ನಾದರೂ ಓದಿದ ಮಕ್ಕಳು ಮುಂದಿದ್ದರು. ಮನೆಗೂ ಗ್ರಂಥಾಲಯಕ್ಕೂ ಇರುವ ದೂರ ಓದಿನ ಮೇಲೆ ಪರಿಣಾಮ ಮಾಡುತ್ತಿತ್ತು. ಹ್ಯಾರಿಸ್ ಕೂಪರ್ ಮತ್ತು ಸಂಗಡಿಗರು 1996ರಲ್ಲಿ 39 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆ ಕಳೆದುಹೋಗುತ್ತದೆಂದೂ ಓದಿನ ವಿಷಯದಲ್ಲಿ ಈ ನಷ್ಟ ಬಡವರ ಮಕ್ಕಳಿಗೇ ಹೆಚ್ಚೆಂದೂ ನಿರ್ಣಯಿಸಿದರು. ರಿಚರ್ಡ್ ಆಲಿಂಗ್ಟನ್ ಮತ್ತು ಆನ್ ಮೆಗಿಲ್-ಫ್ರಾನ್ಸೆನ್ ಇವರು ಫ್ಲಾರಿಡಾದ ಬಡ ಶಾಲೆಗಳ ಮಕ್ಕಳಿಗೆ ಮೂರು ಬೇಸಗೆಗಳಲ್ಲಿ ತಲಾ ಹನ್ನೆರಡು ಪುಸ್ತಕಗಳನ್ನು ಕೊಟ್ಟು ಫಲವನ್ನಳೆದರು, ಫಲ ಸ್ಪಷ್ಟವಾಗಿತ್ತು. ಪುಸ್ತಕಗಳನ್ನು ಮಕ್ಕಳೇ ಆರಿಸಿಕೊಂಡಿದ್ದರೆಂಬುದು ಇಲ್ಲಿ ಗಮನಾರ್ಹ. ಇದಕ್ಕೆ ಪ್ರತಿಯಾಗಿ ಪಾಲ್ ವಾನ್ ಹಿಪ್ಪೆಲ್ ಎಂಬ ವಿದ್ವಾಂಸರು 2019ರಲ್ಲಿ, ಹಳೆಯ ಪರೀಕ್ಷೆಗಳ ಅಂಕಗಳನ್ನು ಅಳೆದ ಕ್ರಮದಲ್ಲಿಯೇ ದೋಷವಿದೆ, ರಜೆಯ ನಷ್ಟ ನಾವು ನಂಬಿದಷ್ಟು ದೊಡ್ಡದಿರಲಾರದು ಎಂದು ಆಕ್ಷೇಪಿಸಿದ್ದಾರೆ. ಆಕ್ಷೇಪ ವಿಚಾರಯೋಗ್ಯವಾದುದೇ. ಆದರೆ ಅಟ್ಲಾಂಟಾದ ಮಗು ಮನೆಯಲ್ಲಿ ಆಡುವ ಭಾಷೆಯೂ ಪುಸ್ತಕದ ಭಾಷೆಯೂ ಒಂದೇ. ಎರಡು ಭಾಷೆಗಳ ನಡುವೆ ಇರುವ ನಮ್ಮ ಮಕ್ಕಳ ಲೆಕ್ಕ ಬೇರೆ. ಅಂಥವರನ್ನು ಕುರಿತು ನಾವೇ ಅಳೆದುನೋಡಬೇಕಾಗಿದೆ.

ಈಗ ನಮ್ಮ ನಾಡಿನ ಕಡೆಗೆ ಬರೋಣ. ಬೇಸಗೆಯಲ್ಲಿ ಓದುವುದೆಂಬ ಕಲ್ಪನೆಯೇ ತುಳುನಾಡಿನ ಸಂಪ್ರದಾಯಕ್ಕೆ ಹೊರತಾದುದು. ಇಲ್ಲಿ ಓದಿನ ಕಾಲ ಮಳೆಗಾಲ. ಗದ್ದೆಯ ನೇಜಿ ಮುಗಿದು, ಆಟಿಯ ತಿಂಗಳಲ್ಲಿ ಹೊಳೆ ಉಕ್ಕಿ ದಾರಿ ಕಟ್ಟಿದಾಗ ಚಾವಡಿಯಲ್ಲಿ ದೀಪ ಹಚ್ಚಿ ಭಾರತವನ್ನೋ ರಾಮಾಯಣವನ್ನೋ ಓದುತ್ತಿದ್ದರು. ಒಬ್ಬರು ವಾಚಿಸಿದರೆ ಇನ್ನೊಬ್ಬರು ಅರ್ಥ ಹೇಳುತ್ತಿದ್ದರು. ತಾಳಮದ್ದಳೆಯ ಕಾಲವೂ ಮುಖ್ಯವಾಗಿ ಅದೇ. ಪಗ್ಗು, ಬೇಶ ತಿಂಗಳುಗಳು ಇದಕ್ಕೆ ತೀರ ವ್ಯತಿರಿಕ್ತ. ಅವು ಬಯಲಿನ ಕಾಲ: ನೇಮ, ಕೋಲ, ಆಯನ, ಮದುವೆ, ಆಟ. ಯಕ್ಷಗಾನದ ಮೇಳಗಳು ನವೆಂಬರಿನ ಹೊತ್ತಿಗೆ ತಿರುಗಾಟಕ್ಕೆ ಹೊರಟು ಬೇಶ ತಿಂಗಳ ಹತ್ತನೆಯ ದಿನ, ಎಂದರೆ ಮೇ 24ರ ಸುಮಾರಿಗೆ ಬರುವ ಪತ್ತನಾಜೆಯಂದು, ಗೆಜ್ಜೆ ಬಿಚ್ಚುತ್ತವೆ. ಶಾಲೆಯ ರಜೆಯೂ ಹೆಚ್ಚುಕಡಮೆ ಆ ವಾರವೇ ಮುಗಿಯುತ್ತದೆ. ಹೀಗಾಗಿ ಇಂಗ್ಲಿಷರ ಕಾಲದಿಂದ ಬಂದ ರಜೆಯ ಪಂಚಾಂಗವು ನಮ್ಮ ಮಕ್ಕಳಿಗೆ ಬಿಡುವು ಕೊಟ್ಟಿರುವುದು ಓದುವ ಕಾಲದಲ್ಲಲ್ಲ, ನೋಡುವ ಮತ್ತು ಕೇಳುವ ಕಾಲದಲ್ಲಿ.

ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಯೋಜನೆಯೂ ಇಲ್ಲಿ ನಿಲ್ಲಲಾರದು. ಆಟವು ಓದಿಗೆ ಶತ್ರುವೆಂದು ಭಾವಿಸುವ ಅಧ್ಯಾಪಕರು ಕೆಲವರುಂಟು. ರಾತ್ರಿ ನಿದ್ದೆಗೆಟ್ಟು ಹಗಲು ಮಲಗುವ ಹುಡುಗನನ್ನು ಕಂಡು ಅವರಿಗೆ ಹಾಗೆನಿಸುವುದು ಸಹಜ. ಆದರೆ ಸ್ವಲ್ಪ ಯೋಚಿಸಿದರೆ ಬೇರೆಯೇ ತೋರುತ್ತದೆ. ಶಾಲೆಯ ಹೊರಗೆ ಈ ಮಗುವಿನ ಕಿವಿಗೆ ಬೀಳುವ ಪ್ರೌಢ ಕನ್ನಡ ಯಾವುದು? ಚೌಕಿಯಿಂದ ರಂಗಸ್ಥಳಕ್ಕೆ ಬರುವ ಕನ್ನಡ. ತುಳು ಪ್ರಸಂಗಗಳನ್ನು ಬಿಟ್ಟರೆ ಭಾಗವತರ ಪದ, ವೇಷಧಾರಿಯ ಅರ್ಥ ಎಲ್ಲವೂ ಕನ್ನಡ. ಅದರಲ್ಲಿ ಇಂಗ್ಲಿಷ್ ಶಬ್ದ ಬಂದರೆ ಸಭೆ ನಗುತ್ತದೆ. ಮನೆಯಲ್ಲಿ ಕನ್ನಡವನ್ನೇ ಆಡದ ಹನ್ನೆರಡು ವರ್ಷದ ಹುಡುಗನೊಬ್ಬ ಕರ್ಣನ ಅಥವಾ ಇಂದ್ರಜಿತುವಿನ ಮಾತನ್ನು ಮರುದಿನ ಬೆಳಿಗ್ಗೆ ಹಟ್ಟಿಯ ಬಳಿ ನಿಂತು ಒಪ್ಪಿಸುವುದನ್ನು ಈ ಸೀಮೆಯಲ್ಲಿ ಯಾರು ಕಂಡಿಲ್ಲ? ಕೆಲವು ಮೇಳಗಳು ಇತ್ತೀಚೆಗೆ ಇಡೀ ರಾತ್ರಿಯ ಬದಲು ಕಾಲಮಿತಿಯ ಆಟಕ್ಕೆ ಬಂದಿರುವುದರಿಂದ ನಿದ್ದೆಯ ಆಕ್ಷೇಪಕ್ಕೂ ಈಗ ಹಿಂದಿನ ಬಲವಿಲ್ಲ.

ಆದುದರಿಂದ ಓದು ಆಟದ ಮರುದಿನ ಬೆಳಿಗ್ಗೆ ತೊಡಗಬೇಕು. ಯಾವ ಊರಿನಲ್ಲಿ ಯಾವ ದಿನ ಯಾವ ಮೇಳ ಯಾವ ಪ್ರಸಂಗವನ್ನು ಆಡುತ್ತದೆ ಎಂಬುದು ಕರಪತ್ರದಿಂದಲೂ ಗೋಡೆಯ ಕಾಗದದಿಂದಲೂ ಮೊದಲೇ ತಿಳಿಯುತ್ತದೆ. ಅದಕ್ಕೆ ಸರಿಯಾದ ಪುಸ್ತಕವನ್ನು ಮಗುವಿನ ಕೈಗೆ ಮುಟ್ಟಿಸುವುದು ಸಾಧ್ಯವಾದ ಕೆಲಸ. ಪ್ರಸಂಗದ ಪುಸ್ತಕಗಳು ಚಿಕ್ಕವು. ಉಡುಪಿಯ ಪಾವಂಜೆ ಗುರುರಾವ್ ಅವರ ಪ್ರಕಾಶನದಿಂದ ಬಂದ ಇಂಥ ಪುಸ್ತಕಗಳು ಈ ಜಿಲ್ಲೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಇಂದಿಗೂ ಇವೆ. ಮುದ್ರಿತ ಪ್ರಸಂಗದಲ್ಲಿ ಇರುವುದು ಪದ್ಯ ಮಾತ್ರ. ಅರ್ಥವನ್ನು ವೇಷಧಾರಿ ತಾನೇ ಕಟ್ಟಿ ಹೇಳುತ್ತಾನೆ. ರಾತ್ರಿ ಕೇಳಿದ ಅರ್ಥವನ್ನು ಹಗಲು ಪದ್ಯದಲ್ಲಿ ಹುಡುಕುವುದು ಮಗುವಿಗೆ ಆಟವೂ ಹೌದು, ಕಠಿನವಾದ ವಾಚನಾಭ್ಯಾಸವೂ ಹೌದು. ಪಾಠಪುಸ್ತಕದಲ್ಲಿ ಷಟ್ಪದಿಯನ್ನು ಕಂಡರೆ ಹಿಂಜರಿಯುವ ವಿದ್ಯಾರ್ಥಿಗೆ ಭಾಮಿನಿಯ ಧಾಟಿ ಕಿವಿಯಿಂದ ಮೊದಲೇ ಪರಿಚಿತವಾಗಿರುತ್ತದೆ.

ಕಿವಿಯಿಂದ ಕಣ್ಣಿಗೆ ಹೋಗುವ ಈ ದಾರಿಯನ್ನು ಮಕ್ಕಳಿಗಾಗಿ ಮೊದಲು ಕಡಿದವರು ಬಂಟ್ವಾಳದವರೇ ಎಂಬುದು ಸಂತೋಷದ ವಿಷಯ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಯ ಮಾತು ಕೊಂಕಣಿ, ಪೇಟೆಯ ಮಾತು ತುಳು, ಬರೆಹ ಕನ್ನಡ. ಇಂದಿನ ನಮ್ಮ ಶಾಲೆಯ ಮಗುವಿನ ಸ್ಥಿತಿಯೂ ಅದೇ. ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ, ಅನಂತರ ಶಾಲೆಗಳ ತನಿಖಾಧಿಕಾರಿಯಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ದುಡಿದರು. ಕನ್ನಡವು ಮನೆಮಾತಲ್ಲದ ಮಕ್ಕಳು ತರಗತಿಯಲ್ಲಿ ಹೇಗೆ ಕೂರುತ್ತಾರೆಂಬುದು ಅವರಿಗೆ ಊರೂರು ತಿರುಗಿ ತಿಳಿದಿತ್ತು. ಅವರ ಮಕ್ಕಳ ಪದ್ಯಗಳಲ್ಲಿ ಅರ್ಥಕ್ಕಿಂತ ಮೊದಲು ಲಯ ಬರುವುದು, ಕತೆಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಮರಳುವುದು ಈ ತಿಳಿವಿನ ಫಲವೆಂದು ನಾನು ಭಾವಿಸುತ್ತೇನೆ. ಭಾಷೆಯನ್ನು ಚೆನ್ನಾಗಿ ಅರಿಯದ ಮಗುವಿಗೆ ಪುನರುಕ್ತಿಯೇ ಊರುಗೋಲು. ತುಳು ಪಾಡ್ದನದ ವಸ್ತುವನ್ನು ಕನ್ನಡ ಗದ್ಯಕ್ಕೆ ತಂದು ಅವರು ಬರೆದ 'ಕೋಟಿ ಚೆನ್ನಯ' ನಮ್ಮ ಉದ್ದೇಶಕ್ಕೆ ಇನ್ನೂ ಮುಖ್ಯವಾದುದು. ಅಜ್ಜಿಯಿಂದ ತುಳುವಿನಲ್ಲಿ ಕೇಳಿದ, ಗರಡಿಯ ನೇಮದಲ್ಲಿ ಕಂಡ ಕತೆಯನ್ನು ಮಗು ಅಲ್ಲಿ ಕನ್ನಡದಲ್ಲಿ ಓದುತ್ತದೆ. ಕತೆ ಗೊತ್ತಿರುವುದರಿಂದ ಭಾಷೆ ಸುಲಭವಾಗುತ್ತದೆ. 1920ರ ದಶಕದಲ್ಲಿ ಮಂಗಳೂರಿನ ಬಾಲಸಾಹಿತ್ಯ ಮಂಡಲದ ಮೂಲಕ ಪಂಜೆಯವರೂ ಅವರ ಸಂಗಡಿಗರೂ ಮಕ್ಕಳಿಗೆಂದೇ ಅಗ್ಗದ ಪುಸ್ತಕಗಳನ್ನು ಹೊರತಂದರು. 1936ರಲ್ಲಿ ನೆರೆಯ ಪುತ್ತೂರಿನಿಂದ ಶಿವರಾಮ ಕಾರಂತರು ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಕೊಟ್ಟರು. ಮಕ್ಕಳ ಪುಸ್ತಕವೆಂಬುದು ಈ ಜಿಲ್ಲೆಗೆ ಹೊರಗಿನಿಂದ ಬಂದ ಸರಕಲ್ಲ. ಇಷ್ಟಿದ್ದರೂ ಇಲ್ಲಿನ ಮಗು ರಜೆಯಲ್ಲಿ ಓದುವುದಿಲ್ಲವೆಂದರೆ ಕಾರಣವನ್ನು ಪುಸ್ತಕಗಳ ಅಭಾವದಲ್ಲಿ ಹುಡುಕಿ ಫಲವಿಲ್ಲ.

ಕಾರಣವನ್ನು ಹುಡುಕಲು ಮೂಡಬಿದಿರೆಯ ಇತಿಹಾಸ ನಮಗೆ ನೆರವಾಗುತ್ತದೆ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳ ಮೇಲೆ ಧವಲ, ಜಯಧವಲ, ಮಹಾಧವಲಗಳೆಂಬ ಸಿದ್ಧಾಂತ ಗ್ರಂಥಗಳು ಉಳಿದು ಬಂದುವು. ಬೇರೆಲ್ಲಿಯೂ ಇಲ್ಲದ ಆ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ ಕೀರ್ತಿ ಆ ಊರಿನದು. ಆದರೆ ಬಹುಕಾಲ ಅವು ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದುವು, ಓದಿಗೆ ದೊರೆಯುತ್ತಿರಲಿಲ್ಲ. ಪ್ರತಿ ತೆಗೆಯುವ ಕೆಲಸ 19ನೆಯ ಶತಮಾನದ ಕೊನೆಯಲ್ಲಿ ತೊಡಗಿತು. ಧವಲದ ಮೊದಲ ಸಂಪುಟ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾದುದು 1939ರಲ್ಲಿ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಆ ಸೀಮೆಯ ತಾಡವಾಲೆಯ ಗ್ರಂಥಗಳ ಸೂಚಿಯನ್ನು 1948ರಲ್ಲಿ ಪ್ರಕಟಿಸಿದ ಮೇಲೆ ಅಲ್ಲಿ ಏನೇನಿದೆಯೆಂಬುದು ಹೊರಗಿನವರಿಗೆ ಕ್ರಮವಾಗಿ ತಿಳಿಯಿತು. ಕಾಪಾಡುವವನ ಭಯ ನಿರಾಧಾರವಾದುದಲ್ಲ; ಹೊರಗೆ ಹೋದ ಗರಿ ಮರಳಿ ಬಾರದೆ ಇದ್ದೀತು. ಆದರೂ ಪೆಟ್ಟಿಗೆ ತೆರೆದ ಮೇಲೆಯೇ ವಿದ್ಯೆ ಬೆಳೆಯಿತು.

ನಮ್ಮ ಶಾಲೆಗಳ ಪುಸ್ತಕದ ಕಪಾಟಿನ ಕತೆಯೂ ಇದೇ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರಕಾರಿ ಶಾಲೆಗಳಿಗೆ ಮಟ್ಟಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯದ ವಾರ್ಷಿಕ ಅನುದಾನವನ್ನು ಗೊತ್ತುಮಾಡಲಾಗಿದೆ. ಪುಸ್ತಕಗಳು ಬಂದಿವೆ, ಬರುತ್ತಲೂ ಇವೆ. ಅವು ದಾಸ್ತಾನು ಪುಸ್ತಕದಲ್ಲಿ ಸಂಖ್ಯೆ ಬಿದ್ದು ಕಪಾಟನ್ನು ಸೇರುತ್ತವೆ. ಒಂದು ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಾದವರು ಮುಖ್ಯೋಪಾಧ್ಯಾಯರು. ಮಾರ್ಚಿ ಕೊನೆಗೆ ದಾಸ್ತಾನು ಪರಿಶೀಲನೆ ಮಾಡಿ, ಪುಸ್ತಕಗಳನ್ನೆಲ್ಲ ಮರಳಿ ತರಿಸಿ, ಬೀಗ ಹಾಕಿ, ಅವರು ನೆಮ್ಮದಿಯ ಉಸಿರು ಬಿಡುತ್ತಾರೆ. ಮಕ್ಕಳಿಗೆ ಓದಲು ಹೊತ್ತಿಲ್ಲದ ಹತ್ತು ತಿಂಗಳು ಕಪಾಟು ತೆರೆದಿರುತ್ತದೆ. ಹೊತ್ತಿರುವ ಎರಡು ತಿಂಗಳು ಮುಚ್ಚಿರುತ್ತದೆ. ಇಲ್ಲಿ ಯಾರನ್ನೂ ದೂರಬೇಕಾದುದಿಲ್ಲ. ತನ್ನ ಸಂಬಳದಿಂದ ತೆರಬೇಕಾದೀತೆಂಬ ಭಯವಿರುವವನು ಧಾರಾಳಿಯಾಗಿರಲಾರನು. ಕಳೆದುಹೋಗುವ ಪುಸ್ತಕಗಳಲ್ಲಿ ಇಂತಿಷ್ಟು ಪಾಲನ್ನು ಓದಿನಿಂದ ಸವೆದುದೆಂದು ಬರೆದುಹಾಕಲು ಇಲಾಖೆ ಒಂದು ಸ್ಪಷ್ಟ ಆಜ್ಞೆಯನ್ನು ಹೊರಡಿಸಿದರೆ, ಬೇಸಗೆಯ ಓದಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ.

ಮೂಡಬಿದಿರೆಯ ಜೈನ ಸಂಪ್ರದಾಯದಲ್ಲಿ ಇದಕ್ಕೊಂದು ಪರಿಹಾರವೂ ಸೂಚಿತವಾಗಿದೆ. ಜ್ಯೇಷ್ಠ ಶುದ್ಧ ಪಂಚಮಿ ಶ್ರುತಪಂಚಮಿಯ ದಿನ. ಅಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಪೂಜಿಸುತ್ತಾರೆ. ಇದು ಮೇ ಕೊನೆಗೋ ಜೂನ್ ತಿಂಗಳಿಗೋ ಬೀಳುತ್ತದೆ. ಎಂದರೆ ಮಳೆ ಹಿಡಿಯುವ ಹೊತ್ತಿಗೆ, ಶಾಲೆ ತೆರೆಯುವ ಆಚೀಚೆಗೆ. ವ್ರತದ ಉದ್ಯಾಪನೆಗೆ ಗ್ರಂಥವನ್ನು ಬರೆಯಿಸಿ ದಾನ ಕೊಡುವ ಶಾಸ್ತ್ರದಾನದ ಪದ್ಧತಿಯೂ ಅಲ್ಲಿ ಹಳೆಯದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದುದನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಆಕೆ ಹಂಚಿದುದನ್ನು ಹೇಳುತ್ತೇವೆ; ಹಂಚಿದ ಪ್ರತಿಗಳಲ್ಲಿ ಹಲವು ಕಳೆದುಹೋದುವೆಂಬ ಚಿಂತೆಯನ್ನು ಯಾರೂ ಮಾಡುವುದಿಲ್ಲ.

ಬೆಳ್ತಂಗಡಿಯ ಸಮಸ್ಯೆ ಬೇರೆ. ಅಲ್ಲಿ ಪುಸ್ತಕವೂ ಉಂಟು, ಗ್ರಂಥಾಲಯವೂ ಉಂಟು, ನಡುವೆ ದೂರವಿದೆ. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿಗೆ ಸೇರಿದ್ದುದರಿಂದ, ಎಸ್. ಆರ್. ರಂಗನಾಥನ್ ಅವರ ಪ್ರಯತ್ನದಿಂದ ರೂಪುಗೊಂಡ 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಯೋಜನ ಈ ಜಿಲ್ಲೆಗೆ ಹಳೆಯ ಮೈಸೂರಿಗಿಂತ ಮೊದಲೇ ಒದಗಿತು. ಮೈಸೂರು ರಾಜ್ಯದ ಕಾಯಿದೆ ಬಂದುದು 1965ರಲ್ಲಿ. (ರಂಗನಾಥನ್ ಅವರು ಗ್ರಂಥಪಾಲಕರಾಗುವ ಮೊದಲು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. ಅವರ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕದ ಉಪಯೋಗವನ್ನು ಕುರಿತದ್ದೆಂಬುದನ್ನು ಕಪಾಟಿನ ಪ್ರಸಂಗದಲ್ಲಿ ನೆನೆಯಬಹುದು.) ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದುವು. 2020ರ ನವೆಂಬರ್ 14ರಂದು ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಳ್ಳುವ ಏರ್ಪಾಡಾಯಿತು. ಈ ಗ್ರಂಥಾಲಯಗಳನ್ನು ಈಗ 'ಅರಿವು ಕೇಂದ್ರ'ಗಳೆಂದು ಕರೆಯುತ್ತಾರೆ. ಇದು ಬಹಳ ಒಳ್ಳೆಯ ಕ್ರಮವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಬಯಲುಸೀಮೆಯ ಊರಿನ ಮಾದರಿಯನ್ನು ಘಟ್ಟದ ಬುಡದ ಊರಿಗೆ ಹಾಗೆಯೇ ಹೊಂದಿಸಲಾಗದು. ಬಯಲುಸೀಮೆಯಲ್ಲಿ ಊರೆಂದರೆ ಮನೆಗಳ ಸಾಲು. ನಡುವೆ ಚಾವಡಿ, ಅದರ ಬಳಿ ಗ್ರಂಥಾಲಯ. ತುಳುನಾಡಿನಲ್ಲಿ ಊರೆಂದರೆ ಗುಡ್ಡ, ಗದ್ದೆ, ಅಡಕೆ ತೋಟ, ತೋಡುಗಳ ನಡುವೆ ಒಂದೊಂದಾಗಿ ಚದುರಿದ ಮನೆಗಳು. ಚಾರ್ಮಾಡಿಯ ಕೆಳಗಿನ ಊರುಗಳಲ್ಲಿ ಒಂದು ಮನೆಯಿಂದ ಪಂಚಾಯತಿ ಕಟ್ಟಡಕ್ಕೆ ಎರಡು ಮೂರು ಮೈಲಿ ಗುಡ್ಡದ ದಾರಿಯಿರುವುದು ಸಾಮಾನ್ಯ. ರಜೆಯಲ್ಲಿ ಶಾಲೆಯ ಸಂಗಾತಿಗಳೂ ಇಲ್ಲದೆ, ಏಪ್ರಿಲ್ ಬಿಸಿಲಿನಲ್ಲಿ, ಹನ್ನೆರಡು ವರ್ಷದ ಹುಡುಗಿಯನ್ನು ಒಂದು ಪುಸ್ತಕಕ್ಕಾಗಿ ಅಷ್ಟು ದೂರ ಯಾವ ತಾಯಿಯೂ ಕಳುಹಿಸಲಾರಳು. ಹೇನ್ಸ್ ಅವರು ಅಟ್ಲಾಂಟಾದ ಬೀದಿಗಳಲ್ಲಿ ಕಂಡ ದೂರದ ಪರಿಣಾಮ ಇಲ್ಲಿ ನಾಲ್ಕು ಪಟ್ಟಾಗಿ ಕಂಡರೆ ಆಶ್ಚರ್ಯವಿಲ್ಲ.

ಮಗು ಗ್ರಂಥಾಲಯಕ್ಕೆ ಹೋಗಲಾರದಾದರೆ, ದಿನವೂ ಆ ಮನೆಯಿಂದ ಯಾರಾದರೊಬ್ಬರು ಹೋಗಿಬರುವ ಜಾಗಕ್ಕೆ ಪುಸ್ತಕ ಬರಬೇಕು. ಅಂಥ ಜಾಗ ಈ ಊರುಗಳಲ್ಲಿ ಒಂದಿದೆ: ಹಾಲಿನ ಸೊಸೈಟಿ. ಹಸುವಿರುವ ಮನೆಯವರು ಬೆಳಿಗ್ಗೆ ಸಂಜೆ ಎರಡು ಹೊತ್ತು ಅಲ್ಲಿಗೆ ಹಾಲು ಕೊಂಡೊಯ್ಯುತ್ತಾರೆ. ಹಸುವಿಗೆ ಬೇಸಗೆಯ ರಜೆಯಿಲ್ಲ. ಸೊಸೈಟಿಯ ಮೂಲೆಯಲ್ಲಿ ಐವತ್ತು ಪುಸ್ತಕಗಳ ಒಂದು ಪೆಟ್ಟಿಗೆ, ಹಾಲಿನ ಲೆಕ್ಕದ ಜತೆಗೆ ಪುಸ್ತಕದ ಲೆಕ್ಕಕ್ಕೂ ಒಂದು ಕಾಲಂ ಇದ್ದರೆ ಸಾಕು. ಅರಿವು ಕೇಂದ್ರದವರು ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆಯನ್ನು ಬದಲಾಯಿಸಿದರೆ ಏಳು ವಾರಗಳಲ್ಲಿ ಇನ್ನೂರು ಪುಸ್ತಕಗಳು ಆ ಊರನ್ನು ಸುತ್ತಿ ಬಂದಾವು. ಹಸುವಿಲ್ಲದ ಮನೆಗಳಿಗೆ ಬೀಡಿಯ ಬ್ರಾಂಚಿದೆ.

ಬೀಡಿಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. ಬಂಟ್ವಾಳ, ಬೆಳ್ತಂಗಡಿಗಳ ಅಸಂಖ್ಯ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿ ಸಂಸಾರ ನಡೆಸಿದ್ದಾರೆ. ಈಗ ಆ ಉದ್ಯೋಗ ಇಳಿಮುಖವಾಗಿದ್ದರೂ ನಿಂತಿಲ್ಲ. ರಜೆಯಲ್ಲಿ ಎಲೆ ಕತ್ತರಿಸುವುದು, ನೂಲು ಸುತ್ತುವುದು, ಕಟ್ಟು ಹಾಕುವುದು ಮಕ್ಕಳ ಪಾಲಿಗೆ ಬರುತ್ತದೆ. ಅಂಥ ಮನೆಗೆ ಹೋಗಿ, ಮಗುವನ್ನು ಓದಲು ಬಿಡಿರೆಂದು ಉಪದೇಶ ಮಾಡುವುದು ಸುಲಭ; ಅಕ್ಕಿಯ ಲೆಕ್ಕ ಗೊತ್ತಿರುವವರು ಹಾಗೆ ಹೇಳಲು ಅಳುಕುತ್ತಾರೆ. ನೆರೆಯ ಕಣ್ಣೂರು ಜಿಲ್ಲೆಯ ಬೀಡಿ ಕಾರ್ಖಾನೆಗಳಲ್ಲಿ ಕೆಲಸಗಾರರು ತಮ್ಮೊಳಗೊಬ್ಬನನ್ನು ಪತ್ರಿಕೆ, ಪುಸ್ತಕಗಳನ್ನು ಗಟ್ಟಿಯಾಗಿ ಓದಲು ಕೂರಿಸಿ, ಅವನ ಪಾಲಿನ ಬೀಡಿಗಳನ್ನು ತಾವು ಹಂಚಿಕೊಂಡು ಕಟ್ಟುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಬಿಡುವು ಇರುವ ಉದ್ಯೋಗವದು. ಇಲ್ಲಿಯೂ ತಾಯಿ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುವಾಗ ಏಳನೆಯ ತರಗತಿಯ ಮಗಳು ಎದುರಿಗೆ ಕೂತು ಅರ್ಧ ಗಂಟೆ ಕತೆಯ ಪುಸ್ತಕವನ್ನು ಓದಬಹುದು. ಆ ಅರ್ಧ ಗಂಟೆಯ ಎಲೆಯನ್ನು ಮನೆಯ ಇತರರು ಕತ್ತರಿಸಿಕೊಂಡಾರು. ತಾಯಿಗೆ ಕನ್ನಡ ಓದಲು ಬಾರದಿದ್ದರೂ ಕೇಳಿ ಅರ್ಥವಾಗುತ್ತದೆ. ಅರ್ಥವಾಗದ ಕಡೆ ಆಕೆ ತುಳುವಿನಲ್ಲೋ ಬ್ಯಾರಿಯಲ್ಲೋ ಪ್ರಶ್ನೆ ಕೇಳುತ್ತಾಳೆ, ಮಗಳು ತನ್ನ ಮಾತಿನಲ್ಲಿ ವಿವರಿಸುತ್ತಾಳೆ. ಭಾಷೆಯ ಯಾವ ಅಭ್ಯಾಸಪುಸ್ತಕವೂ ಇದಕ್ಕಿಂತ ಉತ್ತಮವಾದ ಪಾಠವನ್ನು ಕೊಡಲಾರದು. ಕೇವಲ ಪುಸ್ತಕ ಕೊಟ್ಟುದಕ್ಕಿಂತ, ಗಟ್ಟಿಯಾಗಿ ಓದುವುದನ್ನೂ ತಿಳಿದು ಓದುವುದನ್ನೂ ಹೇಳಿಕೊಟ್ಟು ಪುಸ್ತಕ ಕೊಟ್ಟಾಗ ಫಲ ಹೆಚ್ಚೆಂದು ಜೇಮ್ಸ್ ಕಿಮ್ ಮೊದಲಾದವರು 2008ರಲ್ಲಿ ತೋರಿಸಿದ್ದಾರೆ. ನಮ್ಮ ಮನೆಗಳಲ್ಲಿ ಕೇಳುವವರಿದ್ದಾರೆ.

ಯಾವ ಪುಸ್ತಕಗಳೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಪಂಜೆ, ಕಾರಂತರ ಪುಸ್ತಕಗಳು, ನಿರಂಜನರ ಸಂಪಾದಕತ್ವದ 'ಜ್ಞಾನಗಂಗೋತ್ರಿ'ಯ ಬಿಡಿ ಸಂಪುಟಗಳು, ನ್ಯಾಷನಲ್ ಬುಕ್ ಟ್ರಸ್ಟಿನ ಚಿತ್ರಪುಸ್ತಕಗಳು ಎಲ್ಲವೂ ಆಗಬಹುದು. 1949ರಿಂದ ಕನ್ನಡದಲ್ಲಿ ಬರುತ್ತಿದ್ದ 'ಚಂದಮಾಮ' ನಿಂತುಹೋಗಿದೆ. ಅದರ ಹಳೆಯ ಸಂಚಿಕೆಗಳಿದ್ದರೆ ಮಕ್ಕಳು ಇಂದಿಗೂ ಕಿತ್ತಾಡಿಕೊಂಡು ಓದುತ್ತಾರೆ. ಮಗು ತಾನೇ ಆರಿಸಿಕೊಳ್ಳಬೇಕೆಂಬ ನಿಯಮವೊಂದನ್ನು ಬಿಡಬಾರದು. ಆರನೆಯ ತರಗತಿಯವನು ಮೂರನೆಯ ತರಗತಿಗೆ ತಕ್ಕ ಪುಸ್ತಕವನ್ನೆತ್ತಿಕೊಂಡರೆ ಹಂಗಿಸಬಾರದು.

ಇತಿಹಾಸದ ಅಧ್ಯಾಪಕನಾಗಿ ಒಂದು ಸೂಚನೆಯನ್ನು ಸೇರಿಸಲು ಬಯಸುತ್ತೇನೆ. ಓದೆಂದರೆ ಅಚ್ಚಾದ ಪುಸ್ತಕದ ಓದು ಮಾತ್ರವಲ್ಲ. ಈ ಜಿಲ್ಲೆಯ ಮನೆಗಳಲ್ಲಿ ಕಾಗದಗಳಿವೆ: ಮೂಲಗೇಣಿ, ಚಾಲಗೇಣಿಯ ಚೀಟುಗಳು, ತೀರ್ವೆಯ ರಶೀದಿಗಳು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಕಾಯಿದೆಯಂತೆ ಒಕ್ಕಲುಗಳು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯಿಂದ ಹಕ್ಕು ಪಡೆದರು. ಜನರು ಅದನ್ನು 'ಡಿಕ್ಲರೇಶನ್' ಎಂದೇ ಕರೆಯುತ್ತಾರೆ. 'ಡಿಕ್ಲರೇಶನಿನಲ್ಲಿ ಸಿಕ್ಕಿದ ಜಾಗ' ಎಂಬ ಮಾತನ್ನು ಕೇಳದೆ ಬೆಳೆದ ಮಗು ಇಲ್ಲಿ ಅಪರೂಪ. ಅಜ್ಜ ಪೆಟ್ಟಿಗೆಯಿಂದ ತೆಗೆದುಕೊಟ್ಟ ಆ ಆಜ್ಞೆಯ ಪ್ರತಿಯನ್ನು ಮೊಮ್ಮಗಳು ಓದಿ ಹೇಳಿದರೆ, ತಾನು ನಿಂತ ನೆಲ ತನ್ನದಾದ ಬಗೆಯನ್ನು ಆಕೆ ಮೂಲ ದಾಖಲೆಯಿಂದಲೇ ತಿಳಿಯುತ್ತಾಳೆ. ಮುಂದೆ ನಮ್ಮ ತರಗತಿಗೆ ಬಂದು ಭೂಸುಧಾರಣೆಯ ಪಾಠವನ್ನು ಕೇಳುವಾಗ ಆಕೆಗೆ ಟಿಪ್ಪಣಿ ಬೇಕಾಗದು. ಆದರೆ ಒಂದು ಎಚ್ಚರಿಕೆ ಅಗತ್ಯ. ಇಂಥ ಕಾಗದಗಳಲ್ಲಿ ಪಾಲು, ವ್ಯಾಜ್ಯ, ಒಡೆಯ-ಒಕ್ಕಲುಗಳ ಹಳೆಯ ನೋವುಗಳಿರುತ್ತವೆ. ಅಧ್ಯಾಪಕರು ಅವುಗಳನ್ನು ಶಾಲೆಗೆ ತರಹೇಳಬಾರದು, ತರಗತಿಯಲ್ಲಿ ಓದಿಸಲೂ ಬಾರದು. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟನ ಬಳಿಯ ಶಾಸನ, 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಯ ಶಾಸನ, ದೇವಸ್ಥಾನದ ಹೊರೆಕಾಣಿಕೆಯ ಫಲಕ, ಇವು ಎಲ್ಲರೆದುರು ಓದತಕ್ಕವು.

ರಜೆಯ ಓದನ್ನು ಕೆಡಿಸುವ ವಸ್ತುವೊಂದಿದೆ; ಅದು 'ವರದಿ'. ಓದಿದ ಪ್ರತಿ ಪುಸ್ತಕಕ್ಕೂ ಲೇಖಕರ ಹೆಸರು, ಪುಟಗಳ ಸಂಖ್ಯೆ, ಕಲಿತ ನೀತಿ ಎಂದು ಮೂರು ಸಾಲು ಬರೆಯಿಸುವ ಪದ್ಧತಿ ಎಲ್ಲೆಡೆ ಹರಡಿದೆ. ಇದರ ಫಲವಾಗಿ ಒಬ್ಬನು ಓದುತ್ತಾನೆ, ಹತ್ತು ಮಂದಿ ನಕಲು ಮಾಡುತ್ತಾರೆ. ಖಾಸಗಿ ಶಾಲೆಗಳಲ್ಲಿ 'ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ತಂದೆತಾಯಿಯರೇ ಬಣ್ಣದ ಕಾಗದ ಅಂಟಿಸಿ ರಾತ್ರಿ ಹನ್ನೆರಡಕ್ಕೆ ಮುಗಿಸುತ್ತಾರೆ. ಅದರ ಬದಲು ಜೂನ್ ಮೊದಲ ವಾರದಲ್ಲಿ ಪ್ರತಿ ಮಗುವಿಗೂ ಐದು ನಿಮಿಷ ಕೊಟ್ಟು, ಓದಿದುದರಲ್ಲಿ ಒಂದು ಕತೆಯನ್ನು ಬಾಯಿಯಲ್ಲಿ ಹೇಳಲು ಬಿಡಬೇಕು. ಹೇಳುವ ಭಾಷೆ ಯಾವುದಾದರೂ ಇರಲಿ. ಕನ್ನಡದಲ್ಲಿ ಓದಿದ ಕತೆಯನ್ನು ತುಳುವಿನಲ್ಲಿ ಹೇಳಬಲ್ಲ ಮಗು ಅದನ್ನು ನಿಜವಾಗಿ ಓದಿದೆ, ತಿಳಿದೂ ಇದೆ. ಕನ್ನಡ ವಾಕ್ಯಗಳನ್ನು ಬಾಯಿಪಾಠವಾಗಿ ಒಪ್ಪಿಸಿದ ಮಗುವಿನ ವಿಷಯದಲ್ಲಿ ಹಾಗೆ ಹೇಳಲಾಗದು. ಶಾಲೆಯಲ್ಲಿ ತುಳು ಆಡಿದರೆ ದಂಡ ವಿಧಿಸುತ್ತಿದ್ದ ಕಾಲವೂ ಇತ್ತು. 2010ರಿಂದ ಆರನೆಯ ತರಗತಿಯಿಂದ ತುಳುವನ್ನೇ ಐಚ್ಛಿಕ ತೃತೀಯ ಭಾಷೆಯಾಗಿ ಓದುವ ಅವಕಾಶವಾಗಿರುವಾಗ ಈ ಸಲಹೆ ಯಾರಿಗೂ ಅಸಂಗತವೆನಿಸಲಾರದು.

ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಹೋಗುವ ಮಕ್ಕಳ ಸಂಖ್ಯೆ ಮೂಡಬಿದಿರೆಯಲ್ಲಿಯೂ ಬಂಟ್ವಾಳದ ಬಿ. ಸಿ. ರೋಡಿನ ಸುತ್ತಲೂ ಬಹಳವಾಗಿದೆ. ಅವರಿಗೆ ಕನ್ನಡ ದಿನಕ್ಕೊಂದು ಅವಧಿಯ ವಿಷಯ. ಪುಸ್ತಕ ಕೊಳ್ಳುವ ಶಕ್ತಿ ಅವರ ಮನೆಗಳಿಗಿದೆ; ಕೊಳ್ಳುವುದು ಇಂಗ್ಲಿಷಿನದನ್ನು. ಅವರ ವಿಷಯ ಪ್ರತ್ಯೇಕ ಲೇಖನಕ್ಕೆ ಸೇರಿದ್ದು.

ನಮ್ಮ ಪದವಿ ವಿದ್ಯಾರ್ಥಿಗಳಲ್ಲಿ ಬಹುಮಂದಿ ಈ ಊರುಗಳವರೇ. ಕಾಲೇಜಿನ ಪರೀಕ್ಷೆ ಮುಗಿಸಿ ಅವರೂ ಮೇ ತಿಂಗಳಲ್ಲಿ ಮನೆಯಲ್ಲಿರುವುದುಂಟು. ಮೂರು ಪ್ರದೇಶಗಳಿಂದ ಒಂದೊಂದು ಶಾಲೆಯನ್ನು ಆರಿಸಿ, ಏಳನೆಯ ತರಗತಿಯ ಮಕ್ಕಳಿಂದ ಮಾರ್ಚಿಯಲ್ಲಿ ಒಂದು ಪುಟವನ್ನು ಗಟ್ಟಿಯಾಗಿ ಓದಿಸಿ, ನಿಮಿಷಕ್ಕೆ ಎಷ್ಟು ಪದ, ಎಷ್ಟು ತಪ್ಪು ಎಂದು ಗುರುತಿಸಿಕೊಂಡು, ಜೂನ್ ತಿಂಗಳಲ್ಲಿ ಅಷ್ಟೇ ಕಠಿನವಾದ ಇನ್ನೊಂದು ಪುಟವನ್ನು ಓದಿಸಿದರೆ 'ರಜೆಯ ತುಕ್ಕು' ಎಷ್ಟೆಂಬುದು ತಿಳಿಯುತ್ತದೆ. ಪುಸ್ತಕದ ಪೆಟ್ಟಿಗೆ ಹೋದ ಊರನ್ನೂ ಹೋಗದ ಊರನ್ನೂ ಹೋಲಿಸಬಹುದು. ಮನೆಮಾತು ಕನ್ನಡವಾದ ಮಕ್ಕಳನ್ನೂ ಅಲ್ಲದವರನ್ನೂ ಬೇರೆಯಾಗಿ ಬರೆದುಕೊಳ್ಳಬಹುದು. ಇದಕ್ಕೆ ಬೇಕಾದುದು ಒಂದು ಗಡಿಯಾರ, ಒಂದು ನೋಟ್ ಪುಸ್ತಕ, ಶಾಲೆಯ ಮುಖ್ಯೋಪಾಧ್ಯಾಯರ ಒಪ್ಪಿಗೆ ಮತ್ತು ತಂದೆತಾಯಿಯರ ಒಪ್ಪಿಗೆ. ಓದಿಸುವವರು ಮಗುವಿನೊಡನೆ ಮೊದಲು ಅದರ ಮನೆಮಾತಿನಲ್ಲಿಯೇ ಎರಡು ಮಾತಾಡಿಕೊಳ್ಳುವುದು ಒಳಿತು. ಪರೀಕ್ಷೆಯೆಂದು ಹೆದರಿದ ಮಗು ತನಗೆ ಬರುವುದನ್ನೂ ಓದುವುದಿಲ್ಲ.